‘ಸಾ’ ಎಂಬಲ್ಲಿಂದ ಮುಂದೆ: ಬ್ಯೋಮಕೇಶ ತಟ್ಟೆಯ ಗ್ರಂಥಪಾತ ವಿಚಾರ

ರೋಣ, ನರಗುಂದ, ಗಜೇಂದ್ರಗಡಗಳ ವಿದ್ವಾಂಸರು ಇದುವರೆಗೆ ಒಮ್ಮತಕ್ಕೆ ಬಂದಿರುವ ಸಂಗತಿ ಒಂದೇ: ಮಿರ್ಚಿಯನ್ನು ಆರುವ ಮೊದಲು ತಿನ್ನಬೇಕು. ಮಿಕ್ಕಂತೆ ಅವರಲ್ಲಿ ಮತಭೇದಕ್ಕೆ ಬರವಿಲ್ಲ. ಆ ಮತಭೇದಗಳಲ್ಲೆಲ್ಲ ಹಿರಿದಾದದ್ದು ‘ಬ್ಯೋಮಕೇಶ ಬಕ್ಷಿ’ ಸೀಡಿಯ ಕೊನೆಯ ನಾಲ್ಕು ನಿಮಿಷಗಳ ಪಾಠನಿರ್ಣಯದ ಪ್ರಶ್ನೆ. ಅದನ್ನು ಪ್ರಸ್ತುತ ಪ್ರಬಂಧ ಎತ್ತಿಕೊಳ್ಳುತ್ತದೆ. ಬಗೆಹರಿಸುತ್ತದೆ ಎಂದು ನಾವು ಎಲ್ಲಿಯೂ ಹೇಳಿಲ್ಲ.

ವಿದ್ವಾಂಸರು ಮೂವರು. ರೋಣದ ನಿವೃತ್ತ ಹಿಂದಿ ಮಾಸ್ತರರು, ನರಗುಂದದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಕಾಕಾ, ಗಜೇಂದ್ರಗಡದ ಕೈಮಗ್ಗದ ಅಣ್ಣ. ಇವರ ಮಾತನ್ನು ಬರೆದುಕೊಳ್ಳುತ್ತ, ಚಹಾದ ಬಿಲ್ಲು ಕೊಡುತ್ತ ಬಂದವರು ನಾವು. ಸಂಶೋಧನಾ ಸಹಾಯಕ ಎಂಬ ಹುದ್ದೆಗೆ ನಮ್ಮ ಕಡೆ ಇದೇ ಅರ್ಥ.

ಮೊದಲು ಕೃತಿಯ ಕಾಲವಿಚಾರ. ಬಾಸು ಚಟರ್ಜಿ ನಿರ್ದೇಶಿಸಿದ ಈ ಹಿಂದಿ ಪತ್ತೇದಾರಿ ಧಾರಾವಾಹಿ ದೂರದರ್ಶನದಲ್ಲಿ ಆರಂಭವಾದದ್ದು 1993ರಲ್ಲಿ. ರಜಿತ್ ಕಪೂರ್ ಬ್ಯೋಮಕೇಶ, ಕೆ.ಕೆ. ರೈನಾ ಅವನ ಗೆಳೆಯ ಅಜಿತ. ಆಗ ಮೂರೂ ಊರುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಎರಡನೆಯ ಸರಣಿ ಬಂದ 1997ರಲ್ಲಿ ಗದಗ ಜಿಲ್ಲೆಗೆ ಸೇರಿದವು. ಈ ಎರಡಕ್ಕೂ ಸಂಬಂಧವಿದೆಯೆಂದು ಕಾಕಾ ಹೇಳುತ್ತಾರೆ. ಪುರಾವೆ ಕೇಳಿದರೆ, ‘ನೀ ಆಗ ಹುಟ್ಟಿದ್ದಿಲ್ಲ ಬಿಡಪಾ’ ಎನ್ನುತ್ತಾರೆ. ಹುಟ್ಟಿದ್ದೆವು, ಆದರೆ ವಾದ ಬೆಳೆಸಲಿಲ್ಲ.

ದೂರದರ್ಶನದ ಕಾಲವನ್ನು ಶ್ರುತಿಪರಂಪರೆ ಎಂದು ಕರೆಯುವುದು ಉಚಿತ. ಮಾಸ್ತರರು ಆಗಿನ ಒಂದು ಕಂತನ್ನೂ ಕಣ್ಣಾರೆ ನೋಡಿದವರಲ್ಲ, ಏಕೆಂದರೆ ಅವರು ಮಾಳಿಗೆಯ ಮೇಲೆ ಆಂಟೆನಾ ಹಿಡಿದುಕೊಂಡಿರುತ್ತಿದ್ದರು. ಕೆಳಗಿನಿಂದ ‘ಬಂತು, ಬಂತು, ಹಂಗಽ ಹಿಡೀರಿ’ ಎಂದು ಕೂಗು ಬಂದರೆ ಹಾಗೇ ನಿಲ್ಲಬೇಕು. ಇಳಿದು ಬಂದರೆ ಚಿತ್ರ ಹೋಗುತ್ತಿತ್ತು. ಹೀಗಾಗಿ ಮೊದಲ ಸರಣಿ ಪೂರ್ತಿ ಅವರಿಗೆ ಬೆಳಕಿಂಡಿಯಿಂದ ಮೇಲೆ ಬಂದ ದನಿಯಾಗಿಯೇ ಗೊತ್ತು. ಬ್ಯೋಮಕೇಶನಿಗೆ ಮೀಸೆ ಇಲ್ಲ ಎಂಬುದು ಅವರಿಗೆ ತಿಳಿದದ್ದು ಸೀಡಿ ಬಂದ ಮೇಲೆ, ಅದನ್ನು ಅವರು ಇನ್ನೂ ಮನಸಾರೆ ಒಪ್ಪಿಲ್ಲ. ಕೆಳಗೆ ಕೂತವರ ಪಾಡೂ ಅಷ್ಟಕ್ಕಷ್ಟೇ. ಕಳ್ಳನ ಹೆಸರು ಹೇಳುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಕಥೆಯನ್ನು ಕೊನೆ ಮುಟ್ಟಿಸದಿರುವುದು ಈ ಜಿಲ್ಲೆಗೆ ಹೊಸದೇನಲ್ಲ. ಗದುಗಿನ ನಾರಣಪ್ಪನೇ ಭಾರತವನ್ನು ಹತ್ತು ಪರ್ವಕ್ಕೆ ನಿಲ್ಲಿಸಿದ. ಮುಂದಿನದನ್ನು ತಿಮ್ಮಣ್ಣ ಕವಿ ಬರೆಯಬೇಕಾಯಿತು.

ಉಳಿದ ಪತ್ತೇದಾರರ ವಿಷಯ ಚುಟುಕಾಗಿ ಮುಗಿಸೋಣ. 1985ರ ‘ಕರಮಚಂದ್’ನಲ್ಲಿ ಪಂಕಜ್ ಕಪೂರ್ ಗಜ್ಜರಿ ತಿನ್ನುತ್ತ ಕೊಲೆ ಪತ್ತೆ ಹಚ್ಚುತ್ತಿದ್ದ. ಮಂದಿ ಗಜ್ಜರಿಯನ್ನು ನೆನಪಿಟ್ಟು ಕೊಲೆಗಳನ್ನು ಮರೆತರು. ಸದಾನಂದ ಸುವರ್ಣರ ‘ಗುಡ್ಡದ ಭೂತ’ ಕನ್ನಡದ್ದೇ ಧಾರಾವಾಹಿ, ಪ್ರಕಾಶ್ ರೈ ಅದರಲ್ಲಿದ್ದರು. ನರಗುಂದ, ಗಜೇಂದ್ರಗಡ ಎರಡಕ್ಕೂ ಗುಡ್ಡ ಇರುವುದರಿಂದ ಭೂತ ಯಾರದೆಂಬ ಜಗಳ ಎದ್ದು, ಆ ಅಧ್ಯಯನವನ್ನು ಅಲ್ಲಿಗೇ ಕೈಬಿಡಬೇಕಾಯಿತು. ಬಂಗಾಳದ ಪತ್ತೇದಾರ ನಮಗೇಕೆ, ಎನ್. ನರಸಿಂಹಯ್ಯನವರ ಪುರುಷೋತ್ತಮ ಇಲ್ಲವೇ ಎಂದು ಮಗ್ಗದ ಅಣ್ಣ ಒಮ್ಮೆ ಆಕ್ಷೇಪಿಸಿದ್ದುಂಟು. ಕನ್ನಡದ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು ಎಂಬುದನ್ನೂ ಅವರೇ ಎತ್ತಿ ಹೇಳಿದರು. ಅಂದು ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ಮಿರ್ಚಿ ಬಂತು.

ಈಗ ಮೂಲಪ್ರತಿಯ ವರ್ಣನೆ. ಪ್ರತಿ ದುಂಡಗಿದೆ. ವ್ಯಾಸ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಮೇಲುಮೈಯಲ್ಲಿ ನೀಲಿ ಬಾಲ್‌ಪೆನ್ನಿನಿಂದ ಒತ್ತಿ ‘ಬೂಮಕೇಸ 1’ ಎಂದು ಬರೆದಿದೆ. ಲಿಪಿಕಾರ ಸೀಡಿ ಅಂಗಡಿಯ ಹುಡುಗ. ಒತ್ತಕ್ಷರಗಳ ವಿಷಯದಲ್ಲಿ ಅವನು ಉದಾರಿ. ಕಂಪನಿಯ ಅಸಲು ಸೀಡಿ ಅದಾಗಿರಲಿಲ್ಲ, ಕಂತುಗಳ ಕ್ರಮವೂ ಹುಡುಗನ ಮರ್ಜಿಯದು. ದಿನದ ಬಾಡಿಗೆಗೆ ತಂದದ್ದನ್ನು ತಿರುಗಿ ಕೊಡಲು ಹೋಗುವಷ್ಟರಲ್ಲಿ ಅಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಇತ್ತು. ಆದ್ದರಿಂದ ಪ್ರತಿ ನಮ್ಮಲ್ಲೇ ಉಳಿಯಿತು. ಹಳೆಯ ಓಲೆಗರಿಗಳು ಮಠಗಳಲ್ಲಿ ಉಳಿದದ್ದೂ ಸುಮಾರು ಹೀಗೆಯೇ ಇರಬೇಕು.

ತಟ್ಟೆಯಲ್ಲಿ ಮೂರು ಕಂತು. ಮೊದಲನೆಯದರಲ್ಲಿ ಹೋಮಿಯೋಪಥಿ ಡಾಕ್ಟರ್ ಅನುಕೂಲ ಬಾಬು ಕೊಕೇನ್ ದಂಧೆ ನಡೆಸುತ್ತಿರುತ್ತಾನೆ. ಕಲ್ಕತ್ತೆಯವರಿಗೆ ಇದು ಕೊನೆಯಲ್ಲಿ ತಿಳಿಯುವ ರಹಸ್ಯ. ನಮ್ಮ ಕಾಕಾಗೆ ಹೆಸರು ಕೇಳಿದ ಕೂಡಲೆ ತಿಳಿಯಿತು: ‘ಡಾಕ್ಟರ್ ಅಂತ, ಮ್ಯಾಲೆ ಅನುಕೂಲ ಅಂತ. ಎಲ್ಲಾರ ಉಂಟಽ?’ ನಡುವಿನ ಕಂತಿನ ಬಗ್ಗೆ ಯಾರಿಗೂ ತಕರಾರಿಲ್ಲ, ಏಕೆಂದರೆ ಅದರ ಹೊತ್ತಿಗೆ ಎಲ್ಲರೂ ಊಟಕ್ಕೆ ಎದ್ದಿರುತ್ತಾರೆ.

ಮೂರನೆಯದೇ ಈ ಪ್ರಬಂಧದ ಜೀವ. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಬರೆದ ಕಥೆ ಅದು. ಬಂಗಾಳಿ ಹೆಸರಿನ ಅರ್ಥ ‘ದಾರಿಯ ಮುಳ್ಳು’. ಕಲ್ಕತ್ತೆಯ ರಸ್ತೆಗಳಲ್ಲಿ ಮಂದಿ ನಡೆಯುತ್ತ ನಡೆಯುತ್ತ ಸತ್ತು ಬೀಳುತ್ತಾರೆ. ಎದೆಯಲ್ಲಿ ಗ್ರಾಮಫೋನಿನ ಮುಳ್ಳು ನಾಟಿರುತ್ತದೆ. ಹೊಡೆದವನು ಕಾಣುವುದಿಲ್ಲ, ಹೊಡೆದ ಸದ್ದೂ ಕೇಳುವುದಿಲ್ಲ. ಪತ್ರಿಕೆಯಲ್ಲಿ ಮಾತ್ರ ಒಂದು ಜಾಹೀರಾತು ಬರುತ್ತಿರುತ್ತದೆ: ದಾರಿಯ ಮುಳ್ಳು ತೆಗೆಸಬೇಕೆನ್ನುವವರು ಶನಿವಾರ ಸಂಜೆ ಇಂಥ ಅಂಗಡಿಯ ಬಳಿ ದೀಪದ ಕಂಬ ಹಿಡಿದು ನಿಲ್ಲಬೇಕು. (ನಮ್ಮಲ್ಲಿ ಶನಿವಾರ ಸಂಜೆ ಕಂಬ ಹಿಡಿದು ನಿಂತವರನ್ನು ಮನೆಯವರು ಬಂದು ಕರೆದೊಯ್ಯುತ್ತಾರೆ.) ಬ್ಯೋಮಕೇಶ ಎಲ್ಲವನ್ನೂ ಕಂಡುಹಿಡಿದು, ಅಜಿತನ ಕಡೆ ತಿರುಗಿ, ಮುಳ್ಳು ಹಾರಿಸಿದ್ದು ಯಾವುದರಿಂದ ಎಂದು ಹೇಳಲು ಬಾಯಿ ತೆರೆಯುತ್ತಾನೆ.

ಸಾ. ಸಾ. ಸಾ. ಸಾ.

ತಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ಯೋಮಕೇಶನ ಮುಖ ಚೌಕ ಚೌಕವಾಗಿ ಒಡೆದು, ಅವನ ಗದ್ದ ಅಜಿತನ ಹೆಗಲ ಮೇಲೆ ಹೋಗಿ ಕೂರುತ್ತದೆ. ಬಾಯಿ ಮಾತ್ರ ತೆರೆದೇ ಇರುತ್ತದೆ. ಇನ್ನೊಂದು ನಿಮಿಷ ಬಿಟ್ಟರೆ ಪರದೆ ನೀಲಿಯಾಗುತ್ತದೆ. ಗ್ರಂಥಸಂಪಾದಕರು ಗ್ರಂಥಪಾತ ಎನ್ನುವುದು ಇದಕ್ಕೇ. ಓಲೆಗರಿಯಲ್ಲಾದರೆ ಗೆದ್ದಲು ತಿಂದಿರುತ್ತದೆ. ಇಲ್ಲಿ ಏನು ತಿಂದಿದೆ ಎಂಬುದನ್ನು ಮುಂದೆ ನೋಡೋಣ.

ಪಾಠಾಂತರಗಳು ಮೂರು. ರೋಣದ ಪಂಥದ ಪ್ರಕಾರ ‘ಸಾ’ ಎಂದರೆ ಷಡ್ಜವೇ. ಕೊಲೆಗಾರ ಗವಾಯಿಯಾಗಿರಲೇಬೇಕು. ಇಲ್ಲದಿದ್ದರೆ ಗ್ರಾಮಫೋನಿನ ಮುಳ್ಳು ಏಕೆ, ಜಾಲಿಯ ಮುಳ್ಳು ಸಾಲದಿತ್ತೇ? ಮಾಸ್ತರರ ಆಧಾರ ಗಟ್ಟಿಯಾದದ್ದು. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಹಾಡನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿ, 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ‘1932ರಾಗ ಕಲ್ಕತ್ತಾದಾಗ ಮುಳ್ಳು ಹಾರಿತು, 1933ರಾಗ ಇಲ್ಲಿ ನಾಟಿತು. ಟಪಾಲ್ ಆದರೂ ಇಷ್ಟು ದಿನ ತಗೋತೈತಿ’ ಎನ್ನುತ್ತಾರೆ ಮಾಸ್ತರರು. ಎಳೆಯ ಭೀಮಸೇನ ಭಜನೆಯ ಹಿಂದೆ ಹೋಗಿ ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದನಂತೆ. ಸಿಕ್ಕವರು ಮನೆಗೆ ತಲುಪಿಸಲೆಂದು ತಂದೆ ಅಂಗಿಯ ಮೇಲೆಯೇ ಜೋಶಿ ಮಾಸ್ತರರ ಮಗ ಎಂದು ಬರೆದಿದ್ದರಂತೆ. ಪತ್ತೇದಾರನ ಅಗತ್ಯವನ್ನೇ ಇಲ್ಲವಾಗಿಸಿದ ಈ ಉಪಾಯ ಬ್ಯೋಮಕೇಶನಿಗೂ ಹೊಳೆದಿರಲಿಲ್ಲ ಎಂಬುದನ್ನು ನಾವು ಒಪ್ಪುತ್ತೇವೆ.

ನರಗುಂದದ ಪಂಥ ‘ಸಾ’ವನ್ನು ‘ಸಾಹೇಬ’ ಎಂದು ಓದುತ್ತದೆ. 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸಾಹೇಬನನ್ನು ಕೊಂದು, ನರಗುಂದದ ದೊರೆ ಬಾಬಾಸಾಹೇಬನ ಕಡೆಯವರು ಅವನ ತಲೆಯನ್ನು ತಂದು ಊರ ಅಗಸಿಗೆ ತೂಗುಹಾಕಿದರು. ಕೊಂದವನೂ ಸಾಹೇಬ, ಸತ್ತವನೂ ಸಾಹೇಬ. ಹೀಗಾಗಿ ಈ ಪಾಠ ಯಾವ ಕಡೆಯಿಂದ ಓದಿದರೂ ಸರಿಹೋಗುತ್ತದೆ, ಅದೇ ಅದರ ಬಲ. ಇಷ್ಟಾಗಿಯೂ ಕಾಕಾಗೆ ಈ ಕಥೆಯ ಮೇಲೆ ಗೌರವವಿಲ್ಲ. ಗೊತ್ತಾಗದಂತೆ ಕೊಲ್ಲುವುದು, ಆಮೇಲೆ ಅಡಗಿಕೊಳ್ಳುವುದು ನರಗುಂದದ ರಿವಾಜು ಅಲ್ಲ ಎಂಬುದು ಅವರ ನಿಲುವು.

ಗಜೇಂದ್ರಗಡದವರು ‘ಸಾಡಿ’ ಎನ್ನುತ್ತಾರೆ. ಹಿಂದಿಯಲ್ಲಿ ಸೀರೆ. ಮಗ್ಗದ ಲಾಳಿ ಹೇಗೆ ಸರ್ರನೆ ಹೋಗುತ್ತದೆ ಎಂಬುದನ್ನು ಅಣ್ಣ ಊಟದ ತಾಟಿನ ಮೇಲೆ ಚಮಚ ಓಡಿಸಿ ತೋರಿಸಿದರು. ಮುಳ್ಳನ್ನು ಲಾಳಿಯಲ್ಲಿಟ್ಟು ಬೀಸಿದರೆ ಆನೆಯೂ ಬೀಳುತ್ತದಂತೆ. ಚಮಚ ಹಾರಿ ಪಕ್ಕದ ಟೇಬಲ್ಲಿನವರ ಸಾರಿನಲ್ಲಿ ಬಿತ್ತು. ವಾದಕ್ಕೆ ಅಷ್ಟರಮಟ್ಟಿಗೆ ಪ್ರಾಯೋಗಿಕ ಸಮರ್ಥನೆ ದೊರೆಯಿತು. ಟಿಪ್ಪುವಿಗೂ ಮರಾಠರಿಗೂ 1787ರಲ್ಲಿ ಒಪ್ಪಂದವಾದ ಊರು ಅವರದು, ರಾಜಿ ಅವರಿಗೆ ಹೊಸದಲ್ಲ. ಸಾಹೇಬನೊಬ್ಬ ಸೀರೆ ಉಟ್ಟು ಷಡ್ಜ ಹಿಡಿದು ಕೊಂದ ಎಂದು ಮೂರೂ ಪಾಠ ಕೂಡಿಸಿಬಿಡೋಣ ಎಂದರು. ಸಭೆ ಒಪ್ಪಲಿಲ್ಲ.

ಇನ್ನು ಪ್ರತಿ ಹಾಳಾದ ಬಗೆ. ಸೀಡಿಯಲ್ಲಿ ಕಥೆ ಒಂದೇ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಬಿಚ್ಚಿ ಎಳೆದರೆ ಐದು ಕಿಲೋಮೀಟರಿಗೂ ಉದ್ದ. ಗ್ರಾಮಫೋನ್ ತಟ್ಟೆ ಅಂಚಿನಲ್ಲಿ ಶುರುವಾಗಿ ನಡುವಿಗೆ ಬಂದು ಮುಗಿಯುತ್ತದೆ. ಸೀಡಿ ನಡುವಿನ ತೂತಿನ ಬಳಿ ಶುರುವಾಗಿ ಅಂಚಿಗೆ ಹೋಗಿ ಮುಗಿಯುತ್ತದೆ. ಮಾಸ್ತರರು ಗ್ರಾಮಫೋನಿನ ಸಂಸ್ಕಾರದವರು. ಕಥೆಯ ಕೊನೆ ನಡುವಿನಲ್ಲಿದೆ ಎಂದು ನಂಬಿ, ತೂತಿನ ಸುತ್ತ ಬೆರಳು ತಾಗದಂತೆ ಕಣ್ಣಿಗೆ ಕಣ್ಣಿಟ್ಟು ಕಾಯ್ದರು. ಎಲ್ಲರಿಗೂ ಹೇಳಿದರು: ‘ಅಂಚು ಹಿಡೀರಿ, ಅಂಚಷ್ಟಽ ಹಿಡೀರಿ.’ ಎಲ್ಲರೂ ಅಂಚನ್ನೇ ಹಿಡಿದರು, ಹೆಬ್ಬೆರಳು ಒಳಗೆ ಒತ್ತಿ.

ಕಿಟಕಿಯ ಬೆಳಕಿಗೆ ಹಿಡಿದು ನಾವು ಖುದ್ದು ಪರೀಕ್ಷಿಸಿದ್ದೇವೆ. ಅಂಚಿನ ಒಳಗೆ ಮೂರು ಹೆಬ್ಬೆರಳ ಗುರುತುಗಳಿದ್ದವು. ಒಂದರಲ್ಲಿ ಎಣ್ಣೆ, ಎಣ್ಣೆಯಲ್ಲಿ ಕಡಲೆಹಿಟ್ಟಿನ ಒಂದು ಚೂರು. ಇನ್ನೊಂದು ಬೆಳ್ಳಗೆ ಒಣಗಿದ ಎಲೆ-ಅಡಿಕೆಯ ಸುಣ್ಣ. ಮೂರನೆಯದು ಹೊಳೆಯುವ ತೆಳು ಪೊರೆ, ಉಗುರಿನಿಂದ ಕೆರೆದರೆ ಏಳುತ್ತಿತ್ತು. ಅದು ಮಗ್ಗದ ಹಾಸುನೂಲಿಗೆ ಹಚ್ಚುವ ಗಂಜಿ. ಮಿರ್ಚಿ ಬಿಡದ ಮಾಸ್ತರರು, ಸುಣ್ಣದ ಡಬ್ಬಿ ಬಿಡದ ಕಾಕಾ, ಮಗ್ಗದಿಂದ ನೇರ ಎದ್ದು ಬಂದ ಅಣ್ಣ, ಮೂವರೂ ತಟ್ಟೆಯನ್ನು ನೋಡಿ ಒಬ್ಬರನ್ನೊಬ್ಬರು ದುರುಗುಟ್ಟಿದರು.

ಈ ಗುರುತುಗಳನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದ್ದರೆ ಪ್ರತಿ ಉಳಿಯುತ್ತಿತ್ತು. ದುಂಡಗೆ ತಿಕ್ಕಿದರೆ ಗೀರು ಸುರುಳಿಯ ಗುಂಟವೇ ಬೀಳುತ್ತದೆ, ಆಮೇಲೆ ಯಂತ್ರಕ್ಕೆ ತಪ್ಪನ್ನು ತಿದ್ದಿಕೊಂಡು ಓದಲು ಆಗುವುದಿಲ್ಲ. ಯಾರೋ ಒಬ್ಬರು ಟೂತ್‌ಪೇಸ್ಟ್ ಹಚ್ಚಿ ದುಂಡಗೆ, ಬಹಳ ಶ್ರದ್ಧೆಯಿಂದ ತಿಕ್ಕಿದ್ದಾರೆ. ಆ ಯಾರೋ ಒಬ್ಬರು ಈ ಪ್ರಬಂಧಕಾರರೇ. ಆದರೆ ಸಂಪಾದಕನನ್ನು ಶಂಕಿತರ ಪಟ್ಟಿಗೆ ಸೇರಿಸುವ ಪದ್ಧತಿ ಗ್ರಂಥಸಂಪಾದನೆಯಲ್ಲಿ ಇಲ್ಲದಿರುವುದರಿಂದ ಮುಂದಕ್ಕೆ ಹೋಗೋಣ.

ಹೋದ ವರ್ಷ ಮಾಸ್ತರರ ಮೊಮ್ಮಗ ಸೂಟಿಗೆ ಬಂದಿದ್ದ. ‘ಅಜ್ಜಾ, ಇದರಾಗ ಐತಲ್ಲ’ ಎಂದು ಮೊಬೈಲಿನಲ್ಲಿ ಆ ಕಂತು ತೆಗೆದು, ಬೆರಳಿನಿಂದ ಕೊನೆಗೆ ಸರಿಸಿ, ಮೂವರ ಮುಂದೆ ಹಿಡಿದ. ಮುಳ್ಳು ಹಾರಿದ್ದು ಸಾಯ್ಕಲ್ಲಿನ ಗಂಟೆಯಿಂದ. ಕೊಲೆಗಾರ ಸೈಕಲ್ಲಿನಲ್ಲಿ ಬಂದು ಗಂಟೆ ಬಾರಿಸುತ್ತಾನೆ, ಮುಂದೆ ಹೋಗುವವನು ತಿರುಗುತ್ತಾನೆ, ಗಂಟೆಯೊಳಗಿನಿಂದ ಮುಳ್ಳು ಹಾರುತ್ತದೆ. ಅಷ್ಟೇ.

‘ಸಾಯ್ಕಲ್?’ ಎಂದರು ಮಾಸ್ತರರು.

‘ಗಂಟಿ?’ ಎಂದರು ಕಾಕಾ.

ಅಣ್ಣ ಏನೂ ಅನ್ನಲಿಲ್ಲ. ಹುಡುಗನಿಗೆ ಹತ್ತು ರೂಪಾಯಿ ಕೊಟ್ಟು ಹೊರಗೆ ಕಳಿಸಿದರು. ಒಂದು ತಾಸಿನ ಚರ್ಚೆಯ ನಂತರ ಮೊಬೈಲಿನ ಪಾಠ ಪ್ರಕ್ಷಿಪ್ತ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಕಾರಣಗಳು: ಅದು ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ, ಅದರ ಮೇಲೆ ಯಾರ ಬೆರಳೂ ಇಲ್ಲ, ಇಷ್ಟು ವರ್ಷ ಬಾಯಿ ತೆರೆದು ನಿಂತ ಮನುಷ್ಯ ಸಾಯ್ಕಲ್ ಎಂದು ಹೇಳಿ ಬಾಯಿ ಮುಚ್ಚುವುದು ಔಚಿತ್ಯಕ್ಕೆ ವಿರುದ್ಧ. ಮೂಲಪ್ರತಿಯನ್ನು ಇನ್ನೊಮ್ಮೆ ಪರಿಶೀಲಿಸಬೇಕೆಂದಾಯಿತು.

ಆದರೆ ಪ್ರತಿಯನ್ನು ಇಟ್ಟಿದ್ದ ಅಣ್ಣನ ಮನೆಯಲ್ಲಿ ಅದು ಇರಲಿಲ್ಲ. ದೀಪಾವಳಿಗೆ ಮನೆ ಸಾರಿಸುವಾಗ ಮನೆಯವರು ಸೀಡಿಗಳನ್ನೆಲ್ಲ ಗಂಟು ಕಟ್ಟಿ, ನರಗುಂದದ ಕಡೆ ಎರೆಹೊಲ ಮಾಡುವ ಬೀಗರಿಗೆ ಕೊಟ್ಟುಬಿಟ್ಟಿದ್ದರು. ನಾವು ನಾಲ್ವರೂ ಬಸ್ಸು ಹಿಡಿದು ಹೋದೆವು. ಬಿಳಿಜೋಳ ಹಾಲುಗಾಳಿಗೆ ಬಂದಿತ್ತು. ಹೊಲದ ತುಂಬ ಗೂಟಕ್ಕೆ ದಾರ ಕಟ್ಟಿ ಸೀಡಿ ತೂಗುಬಿಟ್ಟಿದ್ದರು. ಬಿಸಿಲಿಗೆ ಫಳ್ಳನೆ ಹೊಳೆದಾಗೆಲ್ಲ ಗುಬ್ಬಿಯ ಹಿಂಡು ಎದ್ದು ಪಕ್ಕದ ಹೊಲಕ್ಕೆ ಹೋಗುತ್ತಿತ್ತು. ಬದುವಿನಲ್ಲಿ ಕುಳ್ಳು ಹೊತ್ತಿಸಿ ತೆನೆ ಸುಡುತ್ತಿದ್ದ ಅಜ್ಜಿಗೆ ಬಂದ ಕಾರಣ ಹೇಳಿದೆವು.

‘ಕವಣಿ ಬೀಸಾಕ ರಟ್ಟಿ ಬರೂದಿಲ್ಲರೆಪಾ ನನಗ. ಅದನ್ನ ಬಿಚ್ಚಬ್ಯಾಡ್ರಿ. ತೆನಿ ಮುರದಮ್ಯಾಲೆ ಬರ್ರಿ, ಬೇಕಾದ್ರ ಎಲ್ಲಾ ಒಯ್ಯರಿ’ ಎಂದಳು.

ಮೂರನೆಯ ಸಾಲಿನ ಗೂಟದಲ್ಲಿ ‘ಬೂಮಕೇಸ 1’ ತೂಗುತ್ತಿತ್ತು. ಬಿಸಿಲಿಗೆ ನೀಲಿ ಮಸಿ ಅರ್ಧ ಹಾರಿತ್ತು. ಮಾಸ್ತರರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

‘ಗಾಳಿಗೆ ಉಲ್ಟಾ ತಿರಗಾಕತ್ತೈತಿ’ ಎಂದರು. ‘ಕಥಿ ಹಿಂದಕ್ಕ ಹೊಂಟೈತಿ. ಮುಳ್ಳು ಕಿತ್ತು ಬರತೈತಿ. ಸತ್ತವರು ಒಬ್ಬೊಬ್ಬರಽ ಎದ್ದು ಕುಂಡರತಾರ ಈಗ.’

‘ಮೊದಲ ನೀವು ಕುಂಡರ್ರಿ’ ಎಂದಳು ಅಜ್ಜಿ, ‘ಸೀತನಿ ಆರತಾವ.’