ಸೈನಸ್ಸೂ ಸುವಾರ್ತೆಯೂ

ನಂಬಿಕೆಯನ್ನು ನೆರೆಹೊರೆಯವರಿಗೂ ತಿಳಿಸಬೇಕೆಂದು ನಮ್ಮ ಸಭಾಪಾಲಕರು ಆಗಾಗ ಪ್ರಸಂಗ ಮಾಡುತ್ತಾರೆ. ಆಗೆಲ್ಲ ಅವರ ಕಣ್ಣು ನಮ್ಮ ಬೆಂಚಿನ ಮೇಲೇ ಇರುತ್ತದೆ ಎಂದು ನನಗೆ ಅನುಮಾನ. ನನ್ನವಳಿಗೆ ಅನುಮಾನವಿಲ್ಲ, ಖಾತ್ರಿ. ಅವಳೇ ಹೇಳಿಸುತ್ತಾಳೋ ಏನೋ.

ನಮ್ಮ ಹಿಂದಿನವರೇನೂ ನಾಚಿಕೆಯ ಜನವಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಗೊತ್ತಿಲ್ಲದ ಭಾಷೆ ಕಲಿತು, ಸಂತೆ ಜಾತ್ರೆಗಳಲ್ಲಿ ನಿಂತು ಬೋಧಿಸಿದರು. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಪತ್ರಿಕೆಯನ್ನೇ ಹೊರಡಿಸಿದರು. ಕಿಟೆಲ್ ಸುಮಾರು 70,000 ಪದ ಕಲೆಹಾಕಿ 1894ರಲ್ಲಿ ನಿಘಂಟು ಕೊಟ್ಟರು. ತೊಟ್ಟಿಲಿನಿಂದಲೇ ಕನ್ನಡ ಬಲ್ಲ ನನ್ನನ್ನು ಮೇಲಿನ ಮನೆಯ ಮೇಡಂ ಲಿಫ್ಟಿನಲ್ಲಿ ‘ಏನು, ಭಾನುವಾರ ಬೆಳಿಗ್ಗೇನೇ ಇಸ್ತ್ರಿ ಪ್ಯಾಂಟು?’ ಎಂದು ಕೇಳಿದರೆ, ಆ 70,000ದಲ್ಲಿ ನನ್ನ ಬಾಯಿಗೆ ಬರುವುದು ‘ಹೀಗೇ... ಇಲ್ಲೇ...’ ಎಂಬೆರಡೇ. ಕಂಕುಳಲ್ಲಿ ಬೈಬಲ್ ಇರುತ್ತದೆ. ಅದು ಅವರಿಗೂ ಕಾಣುತ್ತದೆ.

ದರ್ಶಿನಿಯಲ್ಲಿ ಇನ್ನೂ ಕಷ್ಟ. ಊಟಕ್ಕೆ ಮುಂಚೆ ಪ್ರಾರ್ಥಿಸುವುದು ಅಮ್ಮ ಹಾಕಿಕೊಟ್ಟ ಅಭ್ಯಾಸ. ಆದರೆ ಅಮ್ಮ ನಿಂತುಕೊಂಡು ತಿಂದವಳಲ್ಲ. ಸಹೋದ್ಯೋಗಿಗಳ ಮುಂದೆ ಕಣ್ಣು ಮುಚ್ಚಲು ಸಂಕೋಚ. ಹಾಗಾಗಿ ಹುಬ್ಬು ತಿಕ್ಕಿಕೊಳ್ಳುವ ನೆಪದಲ್ಲಿ ಸ್ತೋತ್ರ ಹೇಳಿ ಮುಗಿಸುವ ಕಲೆಯನ್ನು ಸಾಧಿಸಿದ್ದೇನೆ. ಫಲವೆಂದರೆ, ಆಫೀಸಿನಲ್ಲಿ ನಾನು ಸೈನಸ್ ರೋಗಿ. ‘ಹಬೆ ತಗೊಳ್ಳಿ ಸಾರ್’ ಎಂದು ಒಬ್ಬರು, ಮೂಗಿಗೆ ಬಿಡಲು ಯಾವುದೋ ಎಣ್ಣೆ ಎಂದು ಇನ್ನೊಬ್ಬರು. ನನ್ನ ನಂಬಿಕೆಯ ಬಗ್ಗೆ ಯಾರಿಗೂ ಏನೂ ತಿಳಿಯದಿದ್ದರೂ ಅವರ ಕರುಣೆ ಮಾತ್ರ ಹೆಚ್ಚಿದೆ.

ಕ್ರಿಸ್ಮಸ್ಸಿನಲ್ಲಾದರೂ ಬಾಯಿ ಬಿಡಿ ಎಂದು ನನ್ನವಳು ಕೇಕಿನ ಡಬ್ಬಿಗಳನ್ನು ಕೊಟ್ಟು ಮಹಡಿ ಮಹಡಿಗೆ ಅಟ್ಟುತ್ತಾಳೆ. ಬೆತ್ಲೆಹೇಮಿನ ಬಗ್ಗೆ ನಾಲ್ಕು ಮಾತು ಮೆಟ್ಟಿಲಲ್ಲೇ ಗಟ್ಟಿ ಮಾಡಿಕೊಂಡಿರುತ್ತೇನೆ. ಬಾಗಿಲು ತೆರೆಯುತ್ತದೆ. ‘ಮೊಟ್ಟೆ ಹಾಕಿದೀರಾ?’ ಇಲ್ಲ, ಮೊಸರು ಹಾಕಿದ್ದಾಳೆ. ಸೋಡಾ ಎಷ್ಟು? ಮೈದಾನಾ, ಗೋಧಿಯಾ? ಕುಕ್ಕರಿನಲ್ಲೂ ಬರುತ್ತಾ? ಹೀಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನಿಂದ ಪ್ರಸಾರವಾಗಿರುವುದು ಮೊಟ್ಟೆಯಿಲ್ಲದ ಕೇಕಿನ ವಿಧಾನ. ಅದನ್ನು ಒಪ್ಪಿಕೊಂಡವರು ಬೇಕಾದಷ್ಟು ಜನ.

ಪಿಯುಸಿ ಪರೀಕ್ಷೆಯ ಕಾಲದ ಒಂದು ಸಂಜೆ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ನನ್ನವಳು ಸಭೆಯ ಹೆಂಗಸರ ಕೂಟಕ್ಕೆ ಹೋಗಿದ್ದಳು. ಒಲೆಯ ಮೇಲೆ ಹಾಲು. ಮೇಲಿನ ಮನೆಯ ಮೇಡಂ ಬಂದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು.

‘ರಾಯರ ಮಠಕ್ಕೆ ಹೋಗಿ ಬಂದೆ. ನಿಮ್ಮ ಯೇಸಪ್ಪನಿಗೂ ಒಂದು ಮಾತು ಹೇಳ್ಬಿಡಿ. ಮೊಮ್ಮಗಳಿಗೆ ನಾಳೆ ಗಣಿತ.’

‘ನನ್ನವಳು ಬರಲಿ ಮೇಡಂ, ಅವಳು ಚೆನ್ನಾಗಿ...’

‘ಯಾಕೆ, ನೀವು ಹೇಳಿದ್ರೆ ಕೇಳಲ್ವಾ ಅವನು?’

ಈ ಪ್ರಶ್ನೆಗೆ ಉತ್ತರ ಯಾವ ಪ್ರಸಂಗದಲ್ಲೂ ಬಂದಿರಲಿಲ್ಲ. ಕಣ್ಣು ಮುಚ್ಚಿದೆ. ನೇರವಾಗಿ ಗಣಿತಕ್ಕೆ ಇಳಿಯುವುದು ಮರ್ಯಾದೆಯಲ್ಲವೆನಿಸಿ ಸೃಷ್ಟಿಯಿಂದ ಶುರುಮಾಡಿದೆ. ನೋಹನ ನಾವೆ ದಾಟಿ, ಕೆಂಪು ಸಮುದ್ರದ ಹತ್ತಿರ ಬರುವ ಹೊತ್ತಿಗೆ ಹಾಲು ಸೀದ ವಾಸನೆ. ಪ್ರಾರ್ಥಿಸುವವನೇ ಕಣ್ಣು ಬಿಟ್ಟರೆ ಹೇಗೆ? ದನಿ ಏರಿಸಿದೆ. ಆಗ ಅಡುಗೆಮನೆಯಿಂದ ಮೇಡಂ ಕೂಗಿದರು: ‘ಸ್ಟವ್ ಆರಿಸಿದೀನಿ, ನೀವು ಮುಂದುವರಿಸಿ.’ ರೂಮಿನೊಳಗಿಂದ ಮಗ ಸಮಯಸಾಧಕನ ಹಾಗೆ ‘ಆಮೆನ್’ ಅಂದ. ನಾನೂ ಅಂದುಬಿಟ್ಟೆ. ಗಣಿತದ ಹೆಸರೇ ಎತ್ತಿರಲಿಲ್ಲ.

ಮೇಡಂ ತೀರ್ಪು ಕೊಟ್ಟರು: ‘ಭಕ್ತಿ ಇದೆ. ಆದ್ರೆ ವಾಕ್ಯ ವಿಪರೀತ ಉದ್ದ, ಮಧ್ಯದಲ್ಲಿ ಕರ್ತೃವೇ ಕಳೆದುಹೋಗ್ತಾನೆ.’ ಹಾಲು ಉಕ್ಕಿದ್ದು ಮಾತ್ರ ಬಹಳ ಶುಭ ಎಂದು ಖುಷಿಯಿಂದ ಹೋದರು.

ಹುಡುಗಿ ಪಾಸಾದಳು. ಪೇಡ ಬಂತು. ಶ್ರೇಯಸ್ಸು ರಾಯರಿಗೆ, ಯೇಸಪ್ಪನಿಗೆ, ಉಕ್ಕಿದ ಹಾಲಿಗೆ, ಟ್ಯೂಷನ್ ಮೇಷ್ಟ್ರಿಗೆ ಹಂಚಿಹೋಯಿತು. ರಾತ್ರಿಯೆಲ್ಲ ಓದಿದ ಹುಡುಗಿಗೆ ಏನೂ ಉಳಿಯಲಿಲ್ಲ. ಈಚೆಗೆ ಆ ಹುಡುಗಿ ಲಿಫ್ಟಿನಲ್ಲಿ ಸಿಕ್ಕಿ, ‘ಅಂಕಲ್, ಸಿಇಟಿಗೆ ಸ್ವಲ್ಪ ಚಿಕ್ಕದಾಗಿ ಪ್ರೇಯರ್ ಮಾಡ್ತೀರಾ?’ ಎಂದಳು. ಮಾಡುತ್ತಿದ್ದೇನೆ, ಗಣಿತದಿಂದಲೇ ಶುರು. ದರ್ಶಿನಿಯಲ್ಲೂ ಎರಡೂ ಕಣ್ಣು ಮುಚ್ಚುತ್ತೇನೆ. ಸೈನಸ್ ಉಲ್ಬಣಿಸಿದೆ ಎಂದು ಆಫೀಸಿನಲ್ಲಿ ಮಾತು.

ನಮ್ಮ ಸಭೆಯ ಸುಗ್ಗಿ ಹಬ್ಬಕ್ಕೆ ಈ ವರ್ಷ ಮೇಡಂ ಕೂಡ ಬರುತ್ತಾರಂತೆ. ನೀವೂ ಬನ್ನಿ. ಕಾಣಿಕೆಯ ಹಣ್ಣು ತರಕಾರಿ ಹರಾಜು ಹಾಕುವಾಗ ಮಾತ್ರ ಸೊಳ್ಳೆ ಓಡಿಸುವುದಕ್ಕೂ ಕೈ ಎತ್ತಬೇಡಿ. ಕುಂಬಳಕಾಯಿ ಹೊತ್ತುಕೊಂಡು ಹೋಗಬೇಕಾಗುತ್ತದೆ.