ಸೈಡ್ ಪ್ರಾಜೆಕ್ಟ್ ಅಳಿಯಂದಿರಿಗೆ ಮಾವನ ಬಹಿರಂಗ ಪತ್ರ

ಚಿ. ಅಳಿಯಂದಿರೇ,

ಮನೆಯ ವಾಟ್ಸ್ಯಾಪ್ ಗುಂಪನ್ನು ನೀವು ಮ್ಯೂಟ್ ಮಾಡಿಟ್ಟಿದ್ದೀರೆಂದು ಮಗಳಿಂದ ತಿಳಿಯಿತು. ಆದ್ದರಿಂದ ಹೇಳಬೇಕಾದ್ದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ. ನೀವು ಪತ್ರಿಕೆಯನ್ನೂ ಓದುವುದಿಲ್ಲ, ಗೊತ್ತು. ಆದರೆ ಬೀಗಿತ್ತಿಯವರು ಓದುತ್ತಾರೆ.

ರಾತ್ರಿ ಎರಡು ಗಂಟೆಯವರೆಗೆ ನೀವು ‘ಸೈಡ್‌ನಲ್ಲಿ’ ಏನೋ ಕೆಲಸ ಮಾಡುತ್ತೀರೆಂದು ಮಗಳು ಹೇಳಿದಾಗ ನನ್ನ ಎದೆ ಧಸಕ್ಕೆಂದಿತ್ತು. 2022ರಲ್ಲಿ ವಿಪ್ರೊದವರು ಮೂನ್‌ಲೈಟಿಂಗ್ ಕಾರಣಕ್ಕೆ 300 ಮಂದಿಯನ್ನು ಮನೆಗೆ ಕಳಿಸಿದ್ದನ್ನು ಓದಿದವನು ನಾನು. ವಿಚಾರಿಸಿದ ಮೇಲೆ ಹೋದ ಜೀವ ಬಂತು. ಆ ಕೆಲಸಗಳಿಂದ ನಿಮಗೆ ಈವರೆಗೆ ಕವಡೆ ಕಾಸೂ ಹುಟ್ಟಿಲ್ಲ. ವರ್ಷ ವರ್ಷ ಡೊಮೇನ್ ನವೀಕರಣಕ್ಕೆ ಕೈಯಿಂದಲೇ ಹೋಗುತ್ತಿದೆ. ಇದನ್ನು ಎರಡನೆಯ ಉದ್ಯೋಗವೆಂದು ಯಾವ ನ್ಯಾಯಾಲಯವೂ ಒಪ್ಪಲಾರದು. ನಿಶ್ಚಿಂತೆಯಿಂದಿರಿ.

ನಾನು ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದು ನಿವೃತ್ತನಾದವನು. ಕಡತ ವಿಲೇವಾರಿ ಮಾಡುವುದಿಲ್ಲ ಎಂದು ಊರೆಲ್ಲರಿಂದ ಬೈಸಿಕೊಂಡಿದ್ದೇನೆ. ಮೊನ್ನೆ ಮಗಳು ಅರೆಬರೆ ಪ್ರಾಜೆಕ್ಟುಗಳು ತುಂಬಿದ ನಿಮ್ಮ ಗಿಟ್‌ಹಬ್ ಖಾತೆ ತೆರೆದು ತೋರಿಸಿದಾಗ ನಮ್ಮ ರೆಕಾರ್ಡ್ ರೂಮನ್ನೇ ಹೊಕ್ಕಂತಾಯಿತು. ಒಂದೇ ವ್ಯತ್ಯಾಸವೆಂದರೆ, ನಮ್ಮ ಕಡತಗಳಿಗೆ ಒಬ್ಬ ಅರ್ಜಿದಾರನಾದರೂ ಇದ್ದ.

ಓವರ್‌ಹೆಡ್ ಟ್ಯಾಂಕಿನ ಪ್ರಕರಣವನ್ನೇ ತೆಗೆದುಕೊಳ್ಳೋಣ. ಟ್ಯಾಂಕು ತುಂಬಿದೊಡನೆ ನಿಮ್ಮ ಫೋನಿಗೆ ಸಂದೇಶ ಬರುವಂತೆ ರಾಸ್ಪ್‌ಬೆರಿ ಪೈ, ಸೆನ್ಸರ್, ತಂತಿ ಎಲ್ಲ ಜೋಡಿಸಿದಿರಿ. ಟ್ಯಾಂಕು ತುಂಬಿತು, ಸಂದೇಶವೂ ಬಂತು. ನೀವು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆನ್‌ಲೈನ್ ಚೆಸ್‌ನಲ್ಲಿ ಯಾರದೋ ಮಂತ್ರಿಯನ್ನು ಕಡಿಯುತ್ತಿದ್ದಿರಿ. ನೀರು ಮೆಟ್ಟಿಲಿಳಿದು ಕೆಳಗಿನ ಮನೆಯವರ ಬಾಗಿಲು ತಟ್ಟಿತು. ಅವರೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಫ್ಲೋಟ್ ಸ್ವಿಚ್ ಹಾಕಿಸಿದರು. ಅದು ಯಾರಿಗೂ ಸಂದೇಶ ಕಳಿಸುವುದಿಲ್ಲ, ಸುಮ್ಮನೆ ಮೋಟರ್ ನಿಲ್ಲಿಸುತ್ತದೆ.

ದೀಪಾವಳಿಗೆ ಬಂದಾಗ ನಮ್ಮ ಪ್ರಿಂಟರ್ ಬಿಚ್ಚಿದಿರಿ. 1993ರ ‘ಡೂಮ್’ ಆಟವನ್ನು ಅದರ ಪುಟ್ಟ ಪರದೆಯ ಮೇಲೆ ಓಡಿಸುವುದು ನಿಮ್ಮ ಗುರಿ. ಆಟದ ಮೂಲ ಕೋಡ್ 1997ರಿಂದಲೇ ಎಲ್ಲರಿಗೂ ಮುಕ್ತವಾಗಿದೆ, ಜಗತ್ತಿನ ಹುಡುಗರೆಲ್ಲ ಕಂಡ ಕಂಡ ಯಂತ್ರದಲ್ಲಿ ಅದನ್ನು ಓಡಿಸುತ್ತಾರೆ ಎಂದು ವಿವರಿಸಿದಿರಿ. ಇರಬಹುದು. ನಾನೀಗ ಪಹಣಿಯ ಪ್ರತಿ ತೆಗೆಸಲು ಸೈಬರ್ ಸೆಂಟರಿಗೆ ನಡೆಯುತ್ತಿದ್ದೇನೆ.

ನಿಮ್ಮ ಬ್ಲಾಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಲಾಗ್ ಕಟ್ಟುವ ಸಾಧನಗಳಲ್ಲಿ ಜೆಕಿಲ್‌ನಿಂದ ಹ್ಯೂಗೋಗೆ, ಹ್ಯೂಗೋದಿಂದ ಆಸ್ಟ್ರೋಗೆ ಮನೆ ಬದಲಾಯಿಸುತ್ತಲೇ ಇದೆ. ಒಳಗಿರುವುದು ಮಾತ್ರ ‘ಮತ್ತೆ ಬರೆಯಲು ಶುರು ಮಾಡಿದ್ದೇನೆ’ ಎಂಬ ಒಂದೇ ಬರಹ.

ಇನ್ನು ಸಿನಿಮಾ ಆ್ಯಪ್. ನೋಡಬೇಕಾದ ಸಿನಿಮಾ, ಸೀರೀಸ್, ಆನಿಮೆಗಳ ಪಟ್ಟಿ ಇಡುವ ಸಾಧನ. ಪಟ್ಟಿ ಹನುಮಂತನ ಬಾಲದಂತಿದೆ. ‘ನೋಡಿಯಾಯಿತು’ ಎಂಬ ಗುಂಡಿ ಇನ್ನೂ ಕೆಲಸ ಮಾಡುತ್ತಿಲ್ಲವಂತೆ, ಅದರ ಅಗತ್ಯವೂ ಬಿದ್ದಿಲ್ಲವಂತೆ. ಅಪರೂಪಕ್ಕೆ ನೋಡಲು ಕೂತರೆ ಒಂದೂವರೆ ಪಟ್ಟು ವೇಗ. ಹಾಡು ಬಂದರೆ ಹಾರಿಸುವುದು. ಹಾಗೆ ಉಳಿಸಿದ ಸಮಯದಲ್ಲಿ ಆ್ಯಪ್‌ನ ಡಾರ್ಕ್ ಮೋಡ್ ತಿದ್ದುವುದು. ಹತ್ತು ಲಕ್ಷ ಜನ ಒಮ್ಮೆಗೇ ನುಗ್ಗಿದರೂ ಸರ್ವರ್ ತಡೆಯುವಂತೆ ಕಟ್ಟಿದ್ದೀರೆಂದು ಕೇಳಿ ಹೆಮ್ಮೆಯಾಯಿತು. ಈವರೆಗೆ ನುಗ್ಗಿದವಳು ನನ್ನ ಮಗಳೊಬ್ಬಳೇ. ಅವಳೂ ಪಾಸ್‌ವರ್ಡ್ ಮರೆತು ಹೊರಗೆ ನಿಂತಿದ್ದಾಳೆ.

ಅಳಿಯಂದಿರೇ, ಆಟ ಆಡಬೇಡಿ ಎಂದು ಹೇಳುವ ಮುದುಕ ನಾನಲ್ಲ. ನೀವು ಸರಿಯಾಗಿ ಆಡುತ್ತಿಲ್ಲ ಎಂಬುದೇ ನನ್ನ ದೂರು. ಆಫೀಸಿನಲ್ಲಿ ಸ್ಪ್ರಿಂಟ್, ರೋಡ್‌ಮ್ಯಾಪ್ ಎಂದು ಬೇಸತ್ತು ಬರುತ್ತೀರಿ. ಬಂದು ಹವ್ಯಾಸಕ್ಕೂ ರೋಡ್‌ಮ್ಯಾಪ್ ಬರೆಯುತ್ತೀರಿ. ಕಡೆಗೆ ನಿಮ್ಮ ಮೇಲೆ ನೀವೇ ಮ್ಯಾನೇಜರ್ ಆಗಿ, ನಿಮ್ಮಿಂದಲೇ ತಪ್ಪಿಸಿಕೊಂಡು ಓಡಾಡುತ್ತೀರಿ.

ನಿಮ್ಮ ಕಸುಬಿನ ಹಿರಿಯರು ಹೀಗಿರಲಿಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ‘ಸ್ಪೇಸ್ ಟ್ರಾವೆಲ್’ ಎಂಬ ಆಟ ಬರೆದುಕೊಂಡರು. ದೊಡ್ಡ ಕಂಪ್ಯೂಟರಿನಲ್ಲಿ ಒಂದು ಸಲ ಆಡಿದರೆ ಸುಮಾರು 75 ಡಾಲರ್ ಖರ್ಚು ಬೀಳುತ್ತಿತ್ತು. ಮೂಲೆಯಲ್ಲಿ ಯಾರಿಗೂ ಬೇಡದ ಪಿಡಿಪಿ-7 ಯಂತ್ರ ಕಂಡಿತು. ಆಟವನ್ನು ಅದಕ್ಕೆ ಒಗ್ಗಿಸಿದರು. ಆಮೇಲೆ ಹೆಂಡತಿ ಮಗುವನ್ನು ಕರೆದುಕೊಂಡು ಮೂರು ವಾರ ಕ್ಯಾಲಿಫೋರ್ನಿಯಾದ ನೆಂಟರ ಮನೆಗೆ ಹೋದಾಗ, ವಾರಕ್ಕೊಂದು ಭಾಗದಂತೆ ಬರೆದು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ರೂಪ ಕೊಟ್ಟರು. ಕಳೆದ ದಸರೆಗೆ ನಿಮ್ಮ ಹೆಂಡತಿಯೂ ನಮ್ಮಲ್ಲಿಗೆ ಬಂದು ನಿಧಾನವಾಗಿಯೇ ಹಿಂದಿರುಗಿದಳು. ಆ ಅವಧಿಯಲ್ಲಿ ನೀವು ಎಡಿಟರಿನ ಬಣ್ಣ ಬದಲಾಯಿಸಿ, ಇನ್ನೂ ಹೆಚ್ಚು ಸದ್ದು ಮಾಡುವ ಕೀಬೋರ್ಡ್ ತರಿಸಿದಿರಿ.

ಗೀಡೊ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಹೋಗದೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿದರು. ಹೆಸರನ್ನೂ ‘ಮಾಂಟಿ ಪೈಥಾನ್’ ಎಂಬ ನಗೆ ಕಾರ್ಯಕ್ರಮದಿಂದ ಎತ್ತಿಕೊಂಡರು. ಜೋಶ್ ವಾರ್ಡಲ್ ‘ವರ್ಡಲ್’ ಕಟ್ಟಿದ್ದು ಪದದಾಟ ಪ್ರಿಯೆಯಾದ ತನ್ನ ಸಂಗಾತಿಗಾಗಿ. ಸುಮಾರು 12,000 ಪದಗಳಲ್ಲಿ ಜನಕ್ಕೆ ಗೊತ್ತಿರುವ 2,500ರಷ್ಟನ್ನು ಆರಿಸಿಕೊಟ್ಟವರೂ ಆಕೆಯೇ. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡಿತು. ನಾನು ಈ ಪತ್ರ ಟೈಪ್ ಮಾಡುತ್ತಿರುವ ‘ಬರಹ’ ತಂತ್ರಾಂಶವಾದರೂ ಶೇಷಾದ್ರಿವಾಸು ಎಂಬ ಇಂಜಿನಿಯರ್ 1998ರಲ್ಲಿ ಕೊಟ್ಟದ್ದು, ವರ್ಷಗಟ್ಟಲೆ ನಮಗೆಲ್ಲ ಪುಕ್ಕಟೆಯಾಗಿ ಒದಗಿತು. ಇವರಲ್ಲಿ ಯಾರೂ ಮೊದಲ ದಿನವೇ ಹತ್ತು ಲಕ್ಷ ಜನರಿಗೆ ಎಲೆ ಹಾಕಿ ಕೂತವರಲ್ಲ.

ಆದ್ದರಿಂದ ನನ್ನದೊಂದು ಅರ್ಜಿ. ನಿಮ್ಮ ಅತ್ತೆಯವರು ದಿನಾ ಪತ್ರಿಕೆಯ ಪದಬಂಧ ಬಿಡಿಸುತ್ತಾರೆ, ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ, ಆಮೇಲೆ ನನ್ನನ್ನು ಬಿಡಿಸಲು ಶುರು ಮಾಡುತ್ತಾರೆ. ಅವರಿಗೊಂದು ಕನ್ನಡ ಪದಬಂಧ ಮಾಡಿಕೊಡಿ. ‘ಸ್ತ್ರೀ’ ಎಂಬುದು ಪದಬಂಧದಲ್ಲಿ ಒಂದೇ ಮನೆ, ಯೂನಿಕೋಡ್‌ನಲ್ಲಿ ಮಾತ್ರ 6 ಸಂಕೇತ ಎಂದು ಊಟಕ್ಕೆ ಕೂತಾಗ ನೀವೇ ಒಮ್ಮೆ ವಿವರಿಸಿದ್ದಿರಿ. ನಿಮ್ಮ ಕೆಲಸದ ಮಾತು ಕೇಳುತ್ತ ನಾನು ಆಕಳಿಸದೆ ಇದ್ದದ್ದು ಆಗ ಮಾತ್ರ. ಪದಗಳಿಗೆ ‘ಅಲರ್’ ನಿಘಂಟಿದೆ: ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದ ಕೂಡಿಸಿದರು, ಕೈಲಾಶ್ ನಾಧ್ ಎಂಬ ತಂತ್ರಜ್ಞರು 2019ರಲ್ಲಿ ಅದನ್ನು ಅಂತರ್ಜಾಲಕ್ಕೇರಿಸಿ ಎಲ್ಲರಿಗೂ ತೆರೆದಿಟ್ಟರು.

ಲಾಗಿನ್ ಬೇಡ, ಡಾರ್ಕ್ ಮೋಡ್ ಬೇಡ, ಅಕ್ಷರ ಮಾತ್ರ ದಪ್ಪಗಿರಲಿ. ಗೌರಿ ಹಬ್ಬಕ್ಕೆ ಬರುವಾಗ ತನ್ನಿ. ಅರ್ಧವೇ ಆಗಿದ್ದರೂ ತನ್ನಿ. ತಪ್ಪು ಹುಡುಕುವುದರಲ್ಲಿ ನಿಮ್ಮ ಅತ್ತೆಯವರನ್ನು ಮೀರಿಸುವ ಟೆಸ್ಟರ್ ನಿಮ್ಮ ಕಂಪನಿಯಲ್ಲೂ ಸಿಗಲಾರರು.

ಇಂತಿ ಆಶೀರ್ವಾದಗಳೊಂದಿಗೆ,
ನಿಮ್ಮ ಮಾವ