ಅರ್ಧ ಹೋಳಿಗೆಯ ಲೆಕ್ಕ

ಮಧುಮೇಹಿಗಳ ಆತ್ಮವಿಶ್ವಾಸ ಅಳೆಯಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಎಂಟು ಪ್ರಶ್ನೆಗಳ ಪಟ್ಟಿಯೊಂದನ್ನು ಮಾಡಿಟ್ಟಿದ್ದಾರೆ. ಪ್ರತಿ ಪ್ರಶ್ನೆಗೂ 1ರಿಂದ 10ರೊಳಗೆ ಅಂಕ. ಪರೀಕ್ಷೆ ಬರೆಯುವವನೂ ತಾನೇ, ತಿದ್ದುವವನೂ ತಾನೇ. ಇಂಥ ಯೋಗ ಶಾಲೆಯಲ್ಲಿ ಎಂದೂ ಒದಗದ ಈ ಲೇಖಕ ಮಹಾಶಯ ಎಂಟರಲ್ಲೂ ಹತ್ತು ಹತ್ತು ಹಾಕಿಕೊಂಡು, ಶಹಾಪುರ ತಾಲ್ಲೂಕಿನ ವನದುರ್ಗದ ನೆಂಟರ ಮನೆಗೆ ಊಟಕ್ಕೆ ಹೊರಟ.

ಊರಿನ ಕೋಟೆ ನೋಡಿದ್ದಾಯಿತು. ಸಪ್ಪನೆ ಚಹಾ ಕುಡಿದದ್ದಾಯಿತು. ತಾಟು ಬಂತು.

ಸಕ್ಕರೆ ಕಾಯಿಲೆ ಇಲ್ಲದವರ ಪಂಕ್ತಿಯಲ್ಲಿ ಕೂತಾಗಲೂ ಪಥ್ಯ ಪಾಲಿಸಬಲ್ಲಿರಾ ಎಂಬುದು ಆ ಎಂಟರಲ್ಲೊಂದು ಪ್ರಶ್ನೆ.

"ಬ್ಯಾಡವ್ವ, ನನಗ ಶುಗರ್ ಅದ."

"ಇದರಾಗ ಸಕ್ರಿ ಎಲ್ಲದರಿ ಕಾಕಾ? ಬೆಲ್ಲದ ಹೋಳಿಗಿ!"

ಬೆಲ್ಲವೂ ಬಹುಪಾಲು ಸುಕ್ರೋಸೇ, ರಕ್ತಕ್ಕಿಳಿದ ಮೇಲೆ ಎರಡಕ್ಕೂ ಜಾತಿಭೇದವಿಲ್ಲ ಎಂದು ವಿವರಿಸಬೇಕಿದ್ದ ಪಂಡಿತ, ಹೋಳಿಗೆಯ ಮೇಲೆ ತುಪ್ಪ ಹರಡುವುದನ್ನೇ ನೋಡುತ್ತ ಕೂತ. ಆಮೇಲೆ ಸರಿಯಾಗಿ ಅರ್ಧ ಮುರಿದು ತಿಂದ. ಇದು ಸಂಯಮ. ಆದರೆ ಉಳಿದರ್ಧದ ಅಂಚು ಸೊಟ್ಟಗಿತ್ತು. ನೇರ ಮಾಡಲೆಂದು ಬಲಗಡೆಯಿಂದ ಒಂದು ಚೂರು ತೆಗೆದ. ಈಗ ಎಡಗಡೆ ಉದ್ದವಾಯಿತು. ಅಲ್ಲಿಂದಲೂ ತೆಗೆದ. ಅಷ್ಟರಲ್ಲಿ ನಡುವಿನಿಂದ ಹೂರಣ ಹೊರಬಂತು. ಬಿಟ್ಟರೆ ನೊಣ ಕೂರುತ್ತದೆ, ಇದು ಊರಿನ ಆರೋಗ್ಯದ ಪ್ರಶ್ನೆ. ಹೀಗೆ ದುರಸ್ತಿ ನಡೆದು ನಡೆದು ತಾಟು ಬರಿದಾಯಿತು, ಲೆಕ್ಕದಲ್ಲಿ ಮಾತ್ರ ಅವನು ತಿಂದದ್ದು ಅರ್ಧವೇ. ಬರಿ ತಾಟು ಕಂಡು ಬಡಿಸುವವಳು ಇನ್ನೊಂದು ಹಾಕಿದಳು. ಅದರ ಅಂಚು ದುಂಡಗೆ, ನಿರ್ದೋಷವಾಗಿತ್ತು. ಮುರಿಯದೆ ದುರಸ್ತಿ ಮಾಡುವುದು ಹೇಗೆ?

ಈ ಲೆಕ್ಕವನ್ನು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಒಪ್ಪುವುದಿಲ್ಲ. ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯುಸ್ಸು. ಸಾಯುವ ಮುನ್ನ ಎರಡು ಮೂರು ತಿಂಗಳ ಸಕ್ಕರೆಯ ಚಾಡಿಯನ್ನೆಲ್ಲ ಹೇಳಿಯೇ ಸಾಯುತ್ತದೆ.

ಪಕ್ಕದ ಮಣೆಯವರಿಗೆ ಪರೀಕ್ಷೆಯೇ ಬೇಕಿರಲಿಲ್ಲ. "ಗುಳಿಗಿ ಬಿಟ್ಟು ಹಾಗಲಕಾಯಿ ರಸ ಕುಡೀರಿ. ನನಗ ಮುನ್ನೂರು ಇದ್ರೂ ಏನಾಗ್ಯದ?" ಇಂಥವರು ಪ್ರತಿ ಪಂಕ್ತಿಯಲ್ಲೂ ಒಬ್ಬರಿರುತ್ತಾರೆ, ಅವರ ದನಿಯೇ ದೊಡ್ಡದು. ಆತ್ಮವಿಶ್ವಾಸಕ್ಕೆ ಹತ್ತಕ್ಕೆ ಹನ್ನೊಂದು!

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಬರೆದದ್ದು ಬೇರೆ ಬಗೆಯ ವಿಶ್ವಾಸದ ಬಗ್ಗೆ: ಇಂಥದೊಂದು ಕೆಲಸವನ್ನು ನಾನು ಮಾಡಬಲ್ಲೆ ಎಂಬುದು. ಕೈ ನಡುಗಿ, ಬೆವರಿ, ಸಕ್ಕರೆ 70ಕ್ಕಿಂತ ಕೆಳಗಿಳಿದಾಗ 15 ಗ್ರಾಂ ಗ್ಲೂಕೋಸ್ ತಿಂದು 15 ನಿಮಿಷದ ಮೇಲೆ ಮತ್ತೆ ನೋಡಬೇಕು ಎಂದು ಬಲ್ಲವಳಿಗೆ ಅಂಕವುಂಟು. ಹೊಲದಿಂದ ಬಂದು ದಿನಾ ಅಂಗಾಲು ತಿರುಗಿಸಿ ನೋಡಿಕೊಳ್ಳುವವನಿಗೂ ಉಂಟು. ನರ ಸತ್ತ ಪಾದಕ್ಕೆ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ; ಕೀವಾದಾಗ ತಿಳಿಯುತ್ತದೆ, ಆಗ ಬೆರಳೇ ಹೋಗಬಹುದು. ಅಲ್ಲಿ ಯಾವ ವಿನೋದವೂ ಇಲ್ಲ.

ದೇಶದಲ್ಲಿ ಮಧುಮೇಹಿಗಳು ಹತ್ತು ಕೋಟಿ ದಾಟಿದ್ದಾರೆಂದು ಐಸಿಎಂಆರ್ ಅಧ್ಯಯನ 2023ರಲ್ಲೇ ಹೇಳಿದೆ. ಜೋಳದ ಸೀಮೆಯಾದ ಶಹಾಪುರ, ಸುರಪುರಕ್ಕೂ ಕೃಷ್ಣೆಯ ಕಾಲುವೆ ನೀರಿನ ಜೊತೆ ಭತ್ತ ಬಂದು, ರೊಟ್ಟಿಯ ಪಕ್ಕದಲ್ಲಿ ಬಿಳಿ ಅನ್ನ ಗುಡ್ಡವಾಗಿದೆ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ತಪಾಸಣೆ ಉಚಿತ. ಒಮ್ಮೆ ಹೋಗಿಬನ್ನಿ. ಗುಳಿಗೆ ಬಿಡುವ ಮಾತಿದ್ದರೆ ಅಲ್ಲಿಯ ವೈದ್ಯರೆದುರೇ ಆಡಿ.